ಸಂಧಾನವೆಲ್ಲವೂ ಅನೇಕಾಂತವೇ?

ಎರಡು ಪಕ್ಷಗಳು ಕೊಟ್ಟು ತೆಗೆದುಕೊಂಡು ಒಪ್ಪಂದಕ್ಕೆ ಬಂದರೆ ಅದನ್ನು ಅನೇಕಾಂತದ ವಿಜಯವೆಂದು ಕೊಂಡಾಡುವುದುಂಟು. ಅಮೆರಿಕದಲ್ಲಿ 2010ರಲ್ಲಿ ಜಾರಿಗೆ ಬಂದ ಆರೋಗ್ಯ ಸುಧಾರಣಾ ಶಾಸನದ ಚರಿತ್ರೆ ಈ ಭಾವನೆಯನ್ನು ಒರೆಗೆ ಹಚ್ಚುತ್ತದೆ.

ಆ ಮಸೂದೆ 2009ರ ಡಿಸೆಂಬರ್ 24ರಂದು ಸೆನೆಟ್‌ನಲ್ಲಿ 60–39 ಮತಗಳಿಂದಲೂ, 2010ರ ಮಾರ್ಚ್ 21ರಂದು ಪ್ರತಿನಿಧಿ ಸಭೆಯಲ್ಲಿ 219–212 ಮತಗಳಿಂದಲೂ ಅಂಗೀಕೃತವಾಯಿತು. ಈ ಎರಡೂ ಮತದಾನಗಳಲ್ಲಿ ರಿಪಬ್ಲಿಕನ್ ಪಕ್ಷದ ಒಬ್ಬ ಸದಸ್ಯರೂ ಅದನ್ನು ಬೆಂಬಲಿಸಲಿಲ್ಲ. 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಯೋಜನೆ ಬಂದಾಗ ಅದೇ ಪಕ್ಷದ ಅನೇಕರು ಪರವಾಗಿ ಮತವಿತ್ತಿದ್ದರು. ಪ್ರತಿಯೊಬ್ಬರೂ ವಿಮೆ ಹೊಂದಿರಬೇಕೆಂಬ ಹೊಸ ಶಾಸನದ ನಿಯಮವನ್ನು 1989ರಲ್ಲಿ ಸೂಚಿಸಿದ್ದು ಸಂಪ್ರದಾಯವಾದಿಗಳ ಹೆರಿಟೇಜ್ ಫೌಂಡೇಶನ್. 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಂಥ ಕಾಯಿದೆಗೆ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ತಮ್ಮವರು ನುಡಿದಾಗ ವಿವೇಕವೆನಿಸಿದ್ದು ಎದುರಾಳಿ ನುಡಿದಾಗ ದಬ್ಬಾಳಿಕೆಯೆನಿಸಿತು. ವಸ್ತುವಿನ ಒಂದಂಶವನ್ನು ಹಿಡಿದು ಉಳಿದುದನ್ನು ಅಲ್ಲಗಳೆಯದಿರುವುದು ನಯ, ಅಲ್ಲಗಳೆಯುವುದು ದುರ್ನಯ. ಇಲ್ಲಿ ನಡೆದದ್ದು ಎರಡನೆಯದು.

ಆಗ ಆಳುತ್ತಿದ್ದ ಡೆಮಾಕ್ರಟಿಕ್ ಪಕ್ಷವೂ ನಿರ್ದೋಷಿಯಲ್ಲ. ಅರವತ್ತು ಮತಗಳನ್ನು ಕೂಡಿಸಲು ಸೆನೆಟರ್ ಬೆನ್ ನೆಲ್ಸನ್ ಅವರ ನೆಬ್ರಾಸ್ಕಾ ರಾಜ್ಯಕ್ಕೆ ಮಾತ್ರ, ಬಡವರ ಮೆಡಿಕೇಡ್ ಯೋಜನೆಯ ವಿಸ್ತರಣೆಯ ವೆಚ್ಚದಲ್ಲಿ ವಿಶೇಷ ರಿಯಾಯಿತಿ ನೀಡಲಾಯಿತು. ಟೀಕೆ ಎದ್ದ ಬಳಿಕ ಅದನ್ನು ಕೈಬಿಡಲಾಯಿತು. ಸೆನೆಟರ್ ಜೋ ಲೀಬರ್ಮನ್ ಒಪ್ಪದ ಕಾರಣ ಸರ್ಕಾರಿ ವಿಮೆಯ ಆಯ್ಕೆಯೂ ಬಿದ್ದುಹೋಯಿತು. ಇದು ಮತಗಳ ಎಣಿಕೆಯಿಂದ ಹುಟ್ಟಿದ ಸಂಧಾನ. ಎದುರಿನವರ ಮಾತಿನಲ್ಲಿರುವ ಸತ್ಯಾಂಶದ ಶೋಧನೆ ಅದರಲ್ಲಿ ಅಲ್ಪ.

ಹಾಗೆಂದು ಅದನ್ನು ಪೂರ್ತಿಯಾಗಿ ತೆಗಳುವುದೂ ಏಕಾಂತವೇ ಆದೀತು. ಮೊದಲೇ ರೋಗವಿದ್ದವರಿಗೆ ವಿಮೆ ನಿರಾಕರಿಸಬಾರದೆಂಬ ರಕ್ಷಣೆ ಆ ಅಪೂರ್ಣ ಶಾಸನದಿಂದಲೇ ದೊರೆಯಿತು. ಆದರೆ ಪಕ್ಷದ್ವೇಷದ ಫಲವನ್ನು ಉಂಡವರು ಬಡವರು. ಮೆಡಿಕೇಡ್ ವಿಸ್ತರಣೆ ರಾಜ್ಯಗಳ ಇಚ್ಛೆಗೆ ಬಿಟ್ಟದ್ದೆಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಹಲವು ರಾಜ್ಯಗಳು ಅದನ್ನು ತಿರಸ್ಕರಿಸಿದವು. ಅಲ್ಲಿ ಬಡತನದ ರೇಖೆಗಿಂತ ಕೆಳಗಿದ್ದ ಅನೇಕರಿಗೆ ಮೆಡಿಕೇಡ್ ಸಿಗಲಿಲ್ಲ. ಖಾಸಗಿ ವಿಮೆಗೆ ಸರ್ಕಾರದ ನೆರವೂ ಸಿಗಲಿಲ್ಲ.

ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸಿದ ಪರಂಪರೆಗೆ ಇಲ್ಲೊಂದು ಪಾಠವಿದೆ. ಸಂಸತ್ತಾಗಲಿ, ಬಸದಿಯ ಆಡಳಿತ ಮಂಡಳಿಯಾಗಲಿ, ಸಂಧಾನಕ್ಕೆ ಕೂತಾಗ ಸಭೆಯಲ್ಲಿ ಸ್ಥಾನವಿಲ್ಲದ ರೋಗಿಯ ದೃಷ್ಟಿಯೂ ಒಂದು ನಯವೆಂದು ಎಣಿಕೆಗೆ ಬರಬೇಕು. ಅದನ್ನು ಬಿಟ್ಟು ಕೂಡಿಸಿದ ಒಮ್ಮತ ಎಷ್ಟು ದೊಡ್ಡದಾದರೂ ಅನೇಕಾಂತವೆನಿಸದು.