ಪ್ರಥಮ ವರ್ಷದ ಬರವಣಿಗೆಯ ಪಾಠ: ಒಂದು ವಿಮರ್ಶೆ

ಪದವಿ ತರಗತಿಯ ಪ್ರಥಮ ವರ್ಷದಲ್ಲಿ ನಡೆಯುವ ಬರವಣಿಗೆಯ ಪಾಠಗಳಿಂದ ವಿದ್ಯಾರ್ಥಿಗಳ ಬರವಣಿಗೆ ಉತ್ತಮಗೊಳ್ಳುವುದೇ ಎಂಬ ಪ್ರಶ್ನೆ ಭಾಷಾಧ್ಯಾಪಕರಿಗೆ ಮಾತ್ರ ಸೇರಿದುದಲ್ಲ. ಇತಿಹಾಸದ ಉತ್ತರಪತ್ರಿಕೆಗಳನ್ನು ಓದುವ ನಮಗೂ ಅದು ಸಂಬಂಧಿಸಿದುದೇ.

ಈ ಪಾಠಗಳು ನಿಷ್ಪ್ರಯೋಜಕವೆಂದು ನಾವು ಹೇಳಲಾರೆವು. ಪತ್ರಲೇಖನ, ಸಾರಲೇಖನ, ಪ್ರಬಂಧರಚನೆಗಳ ಅಭ್ಯಾಸದಿಂದ ಕಾಗುಣಿತ ಶುದ್ಧವಾಗುತ್ತದೆ, ವಾಕ್ಯ ನೇರವಾಗುತ್ತದೆ. ಆದರೆ ಶುದ್ಧವಾದ ವಾಕ್ಯವೆಲ್ಲವೂ ಒಳ್ಳೆಯ ಬರವಣಿಗೆಯಲ್ಲ.

ಒಂದು ನಿದರ್ಶನವನ್ನು ನೋಡೋಣ. ಅರಸೀಕೆರೆಯ ಕಡೆಯ ವಿದ್ಯಾರ್ಥಿಯೊಬ್ಬನು ‘ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಜಕಣಾಚಾರಿ ನಿರ್ಮಿಸಿದನು’ ಎಂದು ಬರೆದನೆನ್ನಿ. ವ್ಯಾಕರಣದೃಷ್ಟಿಯಿಂದ ಈ ವಾಕ್ಯ ನಿರ್ದುಷ್ಟವಾದುದು. ಆದರೆ ಜಕಣಾಚಾರಿ ಐತಿಹ್ಯದ ಪುರುಷ. 1117ರಲ್ಲಿ ಪ್ರತಿಷ್ಠೆಗೊಂಡ ಆ ಗುಡಿಯ ಶಿಲ್ಪಗಳ ಮೇಲೆ ನಾವು ಕಾಣುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳನ್ನು. ‘ನಿರ್ಮಿಸಿದನು’ ಎಂಬುದಕ್ಕೂ ‘ನಿರ್ಮಿಸಿದನೆಂದು ಪ್ರತೀತಿ’ ಎಂಬುದಕ್ಕೂ ಇರುವ ಅಂತರವನ್ನು ವ್ಯಾಕರಣ ಕಲಿಸದು. ಆಧಾರದ ವಿಚಾರ ಕಲಿಸುತ್ತದೆ. ಅಂತೆಯೇ, ಹೊಯ್ಸಳ ದೇವಾಲಯಗಳೆಲ್ಲವೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂಬ ಮಾತೂ ಸರಿಯಲ್ಲ. ಸೇರಿದುವು ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು. ಸುಮಾರು 1220ರ ಅರಸೀಕೆರೆಯ ಈಶ್ವರ ದೇವಾಲಯ ಆ ಪಟ್ಟಿಯಲ್ಲಿಲ್ಲ. ಆ ವಿದ್ಯಾರ್ಥಿಯ ನೆರೆಯಲ್ಲೇ ಇರುವ ಗುಡಿಯಿದು.

ವ್ಯಾಕರಣಪಾಠದ ಮಿತಿಯನ್ನು ಹೊರನಾಡಿನ ವಿದ್ವಾಂಸರೂ ಗುರುತಿಸಿದ್ದಾರೆ. ಅಮೆರಿಕದ ಬ್ರಾಡಾಕ್ ಮತ್ತು ಅವರ ಸಂಗಡಿಗರು 1963ರ ತಮ್ಮ ವರದಿಯಲ್ಲಿ, ಕೇವಲ ವ್ಯಾಕರಣಬೋಧೆಯಿಂದ ಬರವಣಿಗೆಗಾಗುವ ಲಾಭ ನಗಣ್ಯವೆಂದು ನಿರ್ಣಯಿಸಿದರು.

ಇನ್ನು ಅಳತೆಯ ಮಾತು. ಕಂಠಪಾಠ ಮಾಡಿದ ಪ್ರಬಂಧವನ್ನು ವರ್ಷಾಂತ್ಯದಲ್ಲಿ ಬರೆಸಿದರೆ ಪರೀಕ್ಷೆಗೊಳಗಾಗುವುದು ಜ್ಞಾಪಕಶಕ್ತಿಯೇ ಹೊರತು ಬರವಣಿಗೆಯಲ್ಲ. ಅಂಕಗಳು ಏರಿದುವೆಂಬ ಮಾತ್ರದಿಂದ ಪಾಠ ಫಲಿಸಿತೆನ್ನುವುದು ಸಾಧುವಲ್ಲ. ಒಬ್ಬನೇ ವಿದ್ಯಾರ್ಥಿಯ ಮೊದಲ ಬರಹವನ್ನೂ, ತಿದ್ದಿ ಬರೆದ ಎರಡನೆಯದನ್ನೂ ಜೊತೆಗಿರಿಸಿ ನೋಡಿದರೆ ಮಾತ್ರ ಸುಧಾರಣೆ ಕಂಡೀತು.

ಆದಕಾರಣ ಭಾಷೆ, ಇತಿಹಾಸಗಳ ಅಧ್ಯಾಪಕರು ಕೂಡಿ ಈ ಪಾಠವನ್ನು ನಡೆಸುವುದು ಯುಕ್ತವೆಂದು ನಮ್ಮ ಮತ. ವಿದ್ಯಾರ್ಥಿಯು ಅರಸೀಕೆರೆಯ ನಕ್ಷತ್ರಾಕಾರದ ಮಂಟಪವನ್ನು ಕಂಡು ಒಂದು ಪುಟ ಬರೆಯಲಿ. ಅಧ್ಯಾಪಕನು ಅಂಚಿನಲ್ಲಿ ‘ಇದಕ್ಕೆ ಆಧಾರವೇನು?’ ಎಂದು ಕೇಳಲಿ. ಅವನು ಮತ್ತೆ ಬರೆಯಲಿ. ತುಂಬಿದ ತರಗತಿಗಳಲ್ಲಿ ಇದು ದುಸ್ಸಾಧ್ಯವೆಂಬ ಆಕ್ಷೇಪಣೆ ನಿರಾಧಾರವಲ್ಲ. ಹಾಗಿದ್ದಲ್ಲಿ ಹತ್ತು ಪ್ರಬಂಧಗಳ ಬದಲು ಎರಡನ್ನೇ ಬರೆಯಿಸಿ, ಎರಡನ್ನೂ ತಿದ್ದಿಸೋಣ. ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದವನು ನಿರ್ದುಷ್ಟ ವಾಕ್ಯಗಳನ್ನಷ್ಟೇ ಹೊತ್ತು, ಪ್ರಶ್ನಿಸುವ ಶಕ್ತಿಯನ್ನು ಪಡೆಯದೆ ಹಿಂದಿರುಗಿದರೆ, ಆ ನಷ್ಟಕ್ಕೆ ನಾವೂ ಹೊಣೆಗಾರರು.