ಬ್ಯಾಂಕಿನ ಜಾಮೀನು, ನಮ್ಮ ಜಾಮೀನು

ಬ್ಯಾಂಕುಗಳ ವಾರ್ಷಿಕ ವರದಿಯನ್ನ ಹಿಂದಿನಿಂದ ಓದಬೇಕು. ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಫೋಟೋ, ನಗ್ತಾ ನಿಂತ ರೈತ, ಮೇಲಕ್ಕೇರೋ ಗ್ರಾಫು. ಹಿಂದೆ ಶೆಡ್ಯೂಲ್ 12 ಅಂತ ಒಂದು ಪುಟ್ಟ ಪಟ್ಟಿ ಇರುತ್ತೆ. ಅದರ ಹೆಸರು ಕಂಟಿಂಜೆಂಟ್ ಲಯಬಿಲಿಟೀಸ್, ಅಂದ್ರೆ ಬಂದರೂ ಬರಬಹುದಾದ ಹೊಣೆಗಳು. ಬ್ಯಾಂಕ್ ಯಾರ್‍ಯಾರಿಗೆ ಜಾಮೀನು ನಿಂತಿದೆ, ಬ್ಯಾಂಕಿನ ಮೇಲೆ ಎಷ್ಟು ಮೊತ್ತದ ಕೇಸಿದೆ ಅನ್ನೋದೆಲ್ಲ ಅಲ್ಲಿರುತ್ತೆ.

ನಮ್ಮ ಕಡೆಯದೇ ಉದಾಹರಣೆ ನೋಡಿ. ಭದ್ರಾ ಮೇಲ್ದಂಡೆಯ ಸುರಂಗ ಹಾದುಹೋಗೋದು ಅಜ್ಜಂಪುರದ ಹತ್ತಿರ. ಇಂಥ ಸರ್ಕಾರಿ ಕಾಮಗಾರಿ ಹಿಡಿಯೋ ಗುತ್ತಿಗೆದಾರ ಸಾಮಾನ್ಯವಾಗಿ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಅವನು ಕೈಕೊಟ್ಟರೆ ಬ್ಯಾಂಕ್ ದುಡ್ಡು ಕಟ್ಟುತ್ತೆ. ಸದ್ಯಕ್ಕೆ ಒಂದು ರೂಪಾಯಿಯೂ ಹೊರಗೆ ಹೋಗಿಲ್ಲ, ಹಾಗಾಗಿ ಅದು ಬ್ಯಾಲೆನ್ಸ್ ಶೀಟಿನ ಮೊತ್ತದೊಳಗೆ ಸೇರಲ್ಲ. ಇದರಲ್ಲಿ ಮೋಸವೇನಿಲ್ಲ. ಬಂಡವಾಳದ ಲೆಕ್ಕ ಹಾಕುವಾಗ ರಿಸರ್ವ್ ಬ್ಯಾಂಕ್ ಸಾಲದ ಗ್ಯಾರಂಟಿಯನ್ನ ಪೂರ್ತಿ ಸಾಲ ಅಂತಲೇ ಎಣಿಸುತ್ತೆ, ಕಾಮಗಾರಿಯ ಗ್ಯಾರಂಟಿಯನ್ನ ಅರ್ಧ.

ನನ್ನ ತಕರಾರು ಬೇರೆ. ಕಡೂರಿನ ತೆಂಗಿನವರು, ತರೀಕೆರೆಯ ಅಡಿಕೆಯವರು, ಅಜ್ಜಂಪುರದ ಈರುಳ್ಳಿಯವರು ನೆಂಟರ ಟ್ರ್ಯಾಕ್ಟರ್ ಸಾಲಕ್ಕೆ ಸೈನ್ ಹಾಕ್ತಾರಲ್ಲ, ಅದೂ ಇದೇ ಜಾತಿಯ ಹೊಣೆ. ‘ಬರೀ ಸೈನ್ ಮಾವ, ಏನೂ ಆಗಲ್ಲ’ ಅಂತ ಹಾಕಿಸ್ಕೊಂಡಿದ್ದು. ಆದರೆ 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಆ ಸಾಲ ಇವರ ಸಿಬಿಲ್ ವರದಿಯಲ್ಲೂ ಕಾಣಿಸಬಹುದು. ಮಾವ ನಾಳೆ ತನ್ನ ತೋಟಕ್ಕೆ ಸಾಲ ಕೇಳಿದಾಗ ಬ್ಯಾಂಕ್ ಮೊದಲು ನೋಡೋದು ಅದನ್ನೇ. ಬ್ಯಾಂಕಿನ ಜಾಮೀನಿಗೆ ಹಿಂದಿನ ಪುಟ, ಮಾವನ ಜಾಮೀನಿಗೆ ಮುಂದಿನ ಪುಟ.

ಕೋರ್ಟಿನ ವಿಷಯ ಇನ್ನೂ ಮಜಾ. ಶೆಡ್ಯೂಲ್ 12ರ ಮೊದಲ ಸಾಲೇ ‘ಸಾಲವೆಂದು ಒಪ್ಪಿಕೊಳ್ಳದ ಕ್ಲೇಮುಗಳು’. ಕೇಸ್ ಸೋಲೋದು ಹೆಚ್ಚುಕಮ್ಮಿ ಖಚಿತ ಅನಿಸಿದರೆ ಲಾಭದಿಂದ ದುಡ್ಡು ತೆಗೆದಿಡಬೇಕು. ಸೋಲಬಹುದು ಅಷ್ಟೇ ಅನಿಸಿದರೆ ಟಿಪ್ಪಣಿ ಸಾಕು. ಸೋಲೋದು ದೂರದ ಮಾತು ಅನಿಸಿದರೆ ಅದೂ ಬೇಡ. ಹಾಗೆ ‘ಅನಿಸೋದು’ ಯಾರಿಗೆ? ಬ್ಯಾಂಕಿನವರಿಗೇ. ಆಡಿಟರ್ ಪರಿಶೀಲಿಸ್ತಾರೆ, ನಿಜ. ಆದರೆ ಓದುವ ನಮಗೆ ಸಿಗೋದು ಸಾಮಾನ್ಯವಾಗಿ ಒಂದೇ ಮೊತ್ತ. ಅದರಲ್ಲಿ ತೆರಿಗೆ ತಗಾದೆ ಎಷ್ಟು, ಗ್ರಾಹಕರು ಹಾಕಿದ್ದು ಎಷ್ಟು, ಎಷ್ಟು ವರ್ಷದಿಂದ ಕೊಳೀತಿವೆ ಅನ್ನೋದು ತಿಳಿಯಲ್ಲ. ‘ಈ ಸಾಲ ನಾನು ಒಪ್ಪಿಕೊಂಡಿಲ್ಲ’ ಅಂತ ಮಾವ ಹೇಳಿದರೆ ನಡೆಯುತ್ತಾ?

ಹಿಂದಿನ ಪುಟ ಯಾರೂ ನೋಡದಿದ್ದರೆ ಏನಾಗುತ್ತೆ ಅಂತ 2018ರಲ್ಲಿ ಗೊತ್ತಾಯ್ತು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯಿಂದ ನೀರವ್ ಮೋದಿ ಕಂಪನಿಗಳ ಪರವಾಗಿ ಹೊಣೆಪತ್ರಗಳು, ಅಂದ್ರೆ ಎಲ್‌ಒಯುಗಳು, ಹೊರಟಿದ್ದವು. ಅವನ್ನ ನಂಬಿ ಬೇರೆ ಬ್ಯಾಂಕುಗಳ ವಿದೇಶಿ ಶಾಖೆಗಳು ದುಡ್ಡು ಕೊಟ್ಟವು. ಸಂದೇಶ ಸ್ವಿಫ್ಟ್‌ನಲ್ಲಿ ಹೋಗ್ತಿತ್ತು, ಬ್ಯಾಂಕಿನ ಮುಖ್ಯ ಲೆಕ್ಕದ ಸಾಫ್ಟ್‌ವೇರಿಗೆ ಬರ್ತಿರಲಿಲ್ಲ. ಹಾಗಾಗಿ ಶೆಡ್ಯೂಲ್ 12ಕ್ಕೂ ಸುಳಿವಿಲ್ಲ. ಫೆಬ್ರವರಿ 14ರಂದು ಹೊರಬಿದ್ದಾಗ ಮೊತ್ತ ಸುಮಾರು 11,400 ಕೋಟಿ, ಆಮೇಲೆ 13,000 ಕೋಟಿ ದಾಟಿತು. ಮಾರ್ಚ್ 13ರಂದು ರಿಸರ್ವ್ ಬ್ಯಾಂಕ್ ಎಲ್‌ಒಯು ಪದ್ಧತಿಯನ್ನೇ ನಿಲ್ಲಿಸಿತು.

ಅದು ವಂಚನೆ, ಲೆಕ್ಕದ ಕ್ರಮದ ತಪ್ಪಲ್ಲ ಅನ್ನಬಹುದು. ಒಪ್ಪಿದೆ. ಆದರೆ ದುಡ್ಡು ಹೊರಗೆ ಹೋಗದ ಮಾತಿನ ಮೇಲೆ ಕಣ್ಣಿಡೋರು ಕಮ್ಮಿ, ವಂಚಕನಿಗೆ ಬೇಕಾದ್ದೂ ಅದೇ.

ಕೇಳಬೇಕಾದ್ದು ಮೂರೇ. ಈ ವರ್ಷ ಎಷ್ಟು ಗ್ಯಾರಂಟಿಗಳು ನಿಜವಾಗಿ ಮೈಮೇಲೆ ಬಂದವು, ಎಷ್ಟು ಕಟ್ಟಿದಿರಿ, ಹೇಳಿ. ಕೇಸುಗಳನ್ನ ವರ್ಷವಾರು ಬಿಡಿಸಿ ತೋರಿಸಿ. ಜಾಮೀನು ನಿಂತವರಿಗೆ ಬಾಕಿ ಎಷ್ಟಿದೆ ಅಂತ ವರ್ಷಕ್ಕೊಂದು ಕಾಗದ, ಕನ್ನಡದಲ್ಲಿ, ಮನೆಗೆ ಕಳಿಸಿ.

ಅವರು ಕಳಿಸೋವರೆಗೆ ಕಾಯಬೇಡಿ. ಸಿಬಿಲ್ ವರದಿ ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತೆ. ಈ ಸಲ ಊರಿಗೆ ಹೋದಾಗ ಅಪ್ಪಂದು ತೆಗೆದು ನೋಡಿ. ಅವರು ಯಾರಿಗೆಲ್ಲ ಸೈನ್ ಹಾಕಿದ್ದಾರೆ ಅಂತ ಅವರಿಗೇ ನೆನಪಿರಲಿಕ್ಕಿಲ್ಲ.