ಥೆರಪಿ ಕೋಣೆಯ ಉಯ್ಯಾಲೆ

ಮಕ್ಕಳನ್ನು ನಿತ್ಯದ ಕೆಲಸಗಳಿಗೆ ಅಣಿಗೊಳಿಸುವ ಆಕ್ಯುಪೇಷನಲ್ ಥೆರಪಿಯಲ್ಲಿ ಆಟಿಕೆಯಂತೆ ಕಂಡರೂ ಉಪಕರಣವಾಗಿ ದುಡಿಯುವುದು ಉಯ್ಯಾಲೆ. ಬೆಂಗಳೂರಿನ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಸಂಸ್ಥೆಗಳಲ್ಲಿ ಈ ಥೆರಪಿ ದೊರೆಯುತ್ತದೆ.

ತೂಗುವಾಗ ಒಳಗಿವಿಯ ಸಮತೋಲನದ ಅಂಗಗಳು ತಲೆಯ ಚಲನೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ನಿಧಾನವಾದ, ಒಂದೇ ಲಯದ ತೂಗಾಟ ಸಾಮಾನ್ಯವಾಗಿ ಮಗುವನ್ನು ಶಾಂತಗೊಳಿಸುತ್ತದೆ. ತೊಟ್ಟಿಲು ತೂಗಿದವರಿಗೆ ಇದೇನೂ ಹೊಸದಲ್ಲ. ಗಿರಗಿರನೆ ಸುತ್ತಿಸಿದರೆ ಅದೇ ಮಗು ಚುರುಕಾಗಬಹುದು, ಕೆರಳಲೂಬಹುದು. ಉಯ್ಯಾಲೆಯ ಈ ಬಳಕೆಯ ಹಿಂದೆ ಒಂದು ಸಿದ್ಧಾಂತವಿದೆ. ಇಂದ್ರಿಯಗಳ ಸುದ್ದಿಯನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಗೂ ಕಲಿಕೆಗೂ ನಂಟಿದೆ ಎಂಬ ವಾದವನ್ನು ಅಮೆರಿಕದ ಥೆರಪಿಸ್ಟ್ ಎ. ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದರು.

ಕಸುಬಿನ ಸೊಗಸಿರುವುದು ಅಳತೆಯಲ್ಲಿ. ಮಗು ಹಲಗೆಯ ಮೇಲೆ ಬೋರಲು ಮಲಗಿ, ತೂಗುತ್ತಲೇ ನೆಲದ ಮೇಲಿನ ಕಾಳಿನ ಚೀಲಗಳನ್ನು ಹೆಕ್ಕಿ ಬಕೆಟ್ಟಿಗೆ ಎಸೆಯುತ್ತದೆ. ಕತ್ತು, ಬೆನ್ನು, ಕಣ್ಣು, ಗಮನ ಎಲ್ಲಕ್ಕೂ ಒಟ್ಟಿಗೇ ಕೆಲಸ. ಸರದಿಗೆ ಕಾಯುವುದು, ‘ಸಾಕು’ ಎಂದು ಹೇಳುವುದು ಇವೇ ಸ್ವನಿಯಂತ್ರಣದ ಪಾಠಗಳು. ಮುಖ ಬಿಳಿಚಿದರೆ, ಬೆವರಿದರೆ ಒಳ್ಳೆಯ ಥೆರಪಿಸ್ಟ್ ತಕ್ಷಣ ತೂಗುವುದನ್ನು ನಿಲ್ಲಿಸುತ್ತಾರೆ.

ಉಯ್ಯಾಲೆ ಮಂತ್ರದಂಡವಂತೂ ಅಲ್ಲ. ಇಂದ್ರಿಯಗಳ ಸುದ್ದಿಯನ್ನು ಹೊಂದಿಸಿಕೊಳ್ಳಲು ನೆರವಾಗುವ ಇಂಥ ಚಿಕಿತ್ಸೆಯ ಫಲದ ಬಗ್ಗೆ ಸಂಶೋಧನೆ ಸೀಮಿತವಾಗಿದೆ, ಖಚಿತ ತೀರ್ಮಾನಕ್ಕೆ ಸಾಲದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಆದ್ದರಿಂದ ಊಟಕ್ಕೆ ಕೂರುವುದು, ಬಟನ್ ಹಾಕುವುದು, ತರಗತಿಯಲ್ಲಿ ಹತ್ತು ನಿಮಿಷ ಬರೆಯುವುದು ಮುಂತಾದ ನಿತ್ಯದ ಗುರಿಗಳನ್ನು ಮೊದಲೇ ಗೊತ್ತುಮಾಡಿ, ಕೆಲವು ವಾರಗಳ ನಂತರ ಪ್ರಗತಿಯನ್ನು ಮನೆಯವರೊಂದಿಗೆ ಕೂತು ನೋಡಲಾಗುತ್ತದೆ.